ಜಲಸಸ್ಯಗಳ ವಹಿವಾಟು: ಕೆರೆಯ ಗುಣವೇ ಸರಕಿನ ಗುಣ

ಬಿಹಾರದ ಮಿಥಿಲಾ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಮಖಾನ ಮಂಡಳಿಯನ್ನೂ ಘೋಷಿಸಲಾಯಿತು. ಮಖಾನ, ತಾವರೆಗೆಡ್ಡೆ, ಸಿಂಗಾಡಗಳಂತಹ ಜಲಸಸ್ಯಗಳ ವಹಿವಾಟಿನಲ್ಲಿ ತೊಡಗುವವರು ಅವು ಬೆಳೆದ ನೀರಿನ ಕಡೆಗೂ ಗಮನ ಹರಿಸುವುದು ಅವಶ್ಯ.

ಹೊಲಗಳಿಗೆ ಸಿಂಪಡಿಸಿದ ಕೀಟನಾಶಕ ಮಳೆನೀರಿನೊಡನೆ ಕೆರೆ ಸೇರುತ್ತದೆ. ಸಂಸ್ಕರಿಸದ ಚರಂಡಿ ಹಾಗೂ ಕಾರ್ಖಾನೆಗಳ ನೀರು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಹೊತ್ತು ತರುತ್ತದೆ. ಅನೇಕ ಕೀಟನಾಶಕಗಳು ಕಾಲಕ್ರಮದಲ್ಲಿ ವಿಘಟನೆ ಹೊಂದುತ್ತವೆ. ಲೋಹಗಳಾದರೋ ನಾಶವಾಗದೆ ಕೆಸರಿನಲ್ಲಿ ಸಂಚಯವಾಗುತ್ತವೆ. ಸಾಮಾನ್ಯವಾಗಿ ಬೀಜಕ್ಕಿಂತ ಬೇರಿನಲ್ಲಿ ಲೋಹಾಂಶ ಅಧಿಕ. ಕೆಸರಿನೊಳಗೇ ಬೆಳೆಯುವ ತಾವರೆಗೆಡ್ಡೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕಾಗುವುದು ಇದರಿಂದಲೇ.

ತೊಳೆದರೆ ಮೇಲಿನ ಮಣ್ಣು ಹೋದೀತು. ಅಂಗಾಂಶದೊಳಗೆ ಸೇರಿದ ಲೋಹ ಹೋಗದು. ಒಣಗಿಸಿದಾಗ ನೀರು ಮಾತ್ರ ಕಡಿಮೆಯಾಗುವುದರಿಂದ ಪ್ರತಿ ಕಿಲೋಗ್ರಾಂನಲ್ಲಿನ ಲೋಹಾಂಶ ಇನ್ನಷ್ಟು ಹೆಚ್ಚುತ್ತದೆ.

ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಗಳಿಗೆ ಐರೋಪ್ಯ ಒಕ್ಕೂಟ ಅನ್ವಯಿಸುವ ಸಾಮಾನ್ಯ ಮಿತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ. ಅಂದರೆ 100 ಟನ್ ಸರಕಿನಲ್ಲಿ ಕೇವಲ 1 ಗ್ರಾಂ! ಇದನ್ನು ಬಣ್ಣ, ವಾಸನೆಗಳಿಂದ ಅರಿಯಲು ಅಸಾಧ್ಯ.

ಆದಕಾರಣ ಖರೀದಿಗೆ ಮುನ್ನ ಕೆರೆಯ ಜಲಮೂಲವನ್ನು ವಿಚಾರಿಸುವುದು, ಒಂದೊಂದು ಕೆರೆಯ ಸರಕನ್ನು ಪ್ರತ್ಯೇಕವಾಗಿರಿಸಿ ದಾಖಲಿಸುವುದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕೀಟನಾಶಕ ಹಾಗೂ ಲೋಹಗಳೆರಡನ್ನೂ ಪರೀಕ್ಷಿಸಿಸುವುದು ಹಿತಕರ. ಹಲವು ಕೆರೆಗಳ ಸರಕನ್ನು ಬೆರೆಸಿದಲ್ಲಿ ಒಂದರ ದೋಷಕ್ಕೆ ಇಡೀ ರಾಶಿಯೇ ತಿರಸ್ಕೃತವಾದೀತು. ಪರೀಕ್ಷೆಯ ವೆಚ್ಚಕ್ಕಿಂತ ಆ ನಷ್ಟವೇ ದೊಡ್ಡದು. ಉಣ್ಣುವವರ ಆರೋಗ್ಯಕ್ಕಾಗುವ ಹಾನಿ ಅದಕ್ಕೂ ಮಿಗಿಲು.