ನಗಿಸುವವನ ಮುಪ್ಪು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಸಣ್ಣಾಟದ ನೆಲೆವೀಡು. ‘ಸಂಗ್ಯಾ ಬಾಳ್ಯಾ’ದ ಕಥೆ ನಡೆದದ್ದೇ ಬೈಲಹೊಂಗಲದಲ್ಲಿ. ಇಂಥ ಊರುಗಳಲ್ಲಿ ನಗಿಸುವ ಆಟಗಾರನೊಡನೆ ಅವನ ಪ್ರೇಕ್ಷಕರೂ ಮುಪ್ಪಾಗುತ್ತಾರೆ. ಚಲನಚಿತ್ರದ ಹಾಸ್ಯನಟನಿಗೆ ಈ ಭಾಗ್ಯವಿಲ್ಲ. ಅವನ ತಾರುಣ್ಯವು ತೆರೆಯ ಮೇಲೆ ಮಾಸದೆ ಉಳಿದು, ಅವನಿಗೇ ಪ್ರತಿಸ್ಪರ್ಧಿಯಾಗುತ್ತದೆ.

ಅಂಗಚೇಷ್ಟೆಯೇ ಬಂಡವಾಳವಾದವನ ಪಾಡಂತೂ ಕಠಿಣ. ತರುಣನು ಎಡವಿ ಬಿದ್ದರೆ ನಗುವ ಜನ, ಮುದುಕನು ಬಿದ್ದರೆ ಕೈನೀಡಲು ಧಾವಿಸುತ್ತಾರೆ. ಆ ಕನಿಕರದಲ್ಲಿ ನಗೆ ಹುಟ್ಟದು. ‘ಬೇಡರ ಕಣ್ಣಪ್ಪ’ದಲ್ಲಿ (1954) ನಟಿಸಿ ಮುಂದೆ ಮನೆಮಾತಾದ ನರಸಿಂಹರಾಜು 1979ರಲ್ಲಿ, 60 ತುಂಬುವ ಮೊದಲೇ ತೀರಿಕೊಂಡರು, ಅವರ ವೃದ್ಧಾಪ್ಯವನ್ನು ನಾಡು ಕಾಣಲೇ ಇಲ್ಲ.

ಕಂಡದ್ದು ಟಿ. ಎನ್. ಬಾಲಕೃಷ್ಣರ ವೃದ್ಧಾಪ್ಯವನ್ನು. ಕಿವಿ ಮಂದವಾಗಿದ್ದ ಅವರು ಎದುರಿನವರ ತುಟಿಚಲನೆಯನ್ನು ಗಮನಿಸಿ ತಮ್ಮ ಮಾತನ್ನು ಆಡುತ್ತಿದ್ದರು. ಅಂಥ ಏಕಾಗ್ರತೆಗೆ ವಯಸ್ಸಿನ ಹಂಗಿಲ್ಲ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನಲ್ಲಿ ನಗೆಯೊಡನೆ ವಾತ್ಸಲ್ಯ ಬೆರೆಯಿತು, ‘ಕಾಮನಬಿಲ್ಲು’ ಚಿತ್ರದ (1983) ವೃದ್ಧನಲ್ಲಿ ನಗೆ ಹಿಂದೆ ಸರಿದು ಕರುಣೆಯೇ ಮುಂದಾಯಿತು. ನಗಲೆಂದು ಕುಳಿತವರ ಕಣ್ಣು ಬಹುಬೇಗ ಒದ್ದೆಯಾಗುತ್ತದೆ.

ದ್ವಾರಕೀಶರು (1942–2024) ಹಿಡಿದದ್ದು ಬೇರೆ ದಾರಿ: ನಿರ್ಮಾಣ, ನಿರ್ದೇಶನ. ಅವರು ನಿರ್ಮಿಸಿದ ‘ಆಪ್ತಮಿತ್ರ’ 2004ರಲ್ಲಿ ಜಯಭೇರಿ ಹೊಡೆದಾಗ ಅವರಿಗೆ 62 ವರ್ಷ.