ಹಳೆಯ ವ್ಯಾನುಗಳ ಸೂಚಕ ಫಲಕ: ದೋಷಪರಿಶೋಧನೆಯ ಕ್ರಮ

ಪುಣೆಯ ಮೋಟಾರು ಉದ್ಯಮದ ಚರಿತ್ರೆಯಲ್ಲಿ ವ್ಯಾನಿಗೆ ವಿಶಿಷ್ಟ ಸ್ಥಾನವುಂಟು. ೧೯೫೮ರಲ್ಲಿ ಜರ್ಮನಿಯ ಟೆಂಪೊ ಸಂಸ್ಥೆಯ ಸಹಯೋಗದಿಂದ ಆರಂಭವಾಗಿ, ೨೦೦೫ರಲ್ಲಿ ಫೋರ್ಸ್ ಮೋಟಾರ್ಸ್ ಎಂಬ ಹೆಸರನ್ನು ತಾಳಿದ ಬಜಾಜ್ ಟೆಂಪೊ ಸಂಸ್ಥೆಯು ಆಕುರ್ಡಿಯ ಕಾರ್ಖಾನೆಯಲ್ಲಿ ನಿರ್ಮಿಸಿದ 'ಮೆಟಡೋರ್' ಎಷ್ಟು ಪ್ರಸಿದ್ಧವಾಯಿತೆಂದರೆ, ಕನ್ನಡನಾಡಿನ ಊರುಗಳಲ್ಲಿಯೂ ಆ ಬಗೆಯ ವಾಹನಗಳಿಗೆಲ್ಲ ಅದೇ ಹೆಸರು ರೂಢಿಯಾಯಿತು. ಅದರ ತಯಾರಿಕೆ ನಿಂತು ಬಹುಕಾಲವಾಗಿದೆ. ಆದರೆ ಆ ಪೀಳಿಗೆಯ ವಾಹನಗಳನ್ನು ಇಂದಿಗೂ ಕಾಪಾಡಿಕೊಂಡು ಬಂದವರಿದ್ದಾರೆ.

ಪುಣೆಯಿಂದ ಬೆಳಗಾವಿಯ ಕಡೆಗೆ ಹೊರಟ ವಾಹನವು ಕಾತ್ರಜ್, ಖಂಬಾಟ್ಕಿ ಘಟ್ಟಗಳ ಏರಿನಲ್ಲಿ ಅಧಿಕ ಶ್ರಮಪಡುತ್ತದೆ. ಆಗ ಎಂಜಿನ್ನಿನ ಸ್ಥಿತಿಯನ್ನು ಚಾಲಕನಿಗೆ ತಿಳಿಸುವವು ಎದುರಿನ ಫಲಕದ ಮುಳ್ಳುಗಳೇ. ನಿಜವಾದ ಅಪಾಯವನ್ನು ಮುಳ್ಳಿನ ದೋಷವೆಂದು ಕಡೆಗಣಿಸಿದರೆ ಎಂಜಿನ್ನು ಕೆಡುತ್ತದೆ. ಮುಳ್ಳಿನ ದೋಷವನ್ನು ಎಂಜಿನ್ನಿನ ದೋಷವೆಂದು ಭ್ರಮಿಸಿದರೆ ಹಣ ವ್ಯರ್ಥವಾಗುತ್ತದೆ. ಇವೆರಡನ್ನು ಬೇರ್ಪಡಿಸುವುದೇ ಪರಿಶೋಧನೆಯ ಉದ್ದೇಶ.

ಹಳೆಯ ವಾಹನಗಳ ಅನೇಕ ಇಂಧನಮಾಪಕ ಮತ್ತು ತಾಪಮಾಪಕಗಳಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಅದರ ಸುತ್ತಲಿನ ತಂತಿಯಲ್ಲಿ ವಿದ್ಯುತ್ತು ಹರಿದಾಗ ಪಟ್ಟಿಯು ಕಾದು ಬಾಗಿ ಮುಳ್ಳನ್ನು ಚಲಿಸುತ್ತದೆ. ಹರಿಯುವ ವಿದ್ಯುತ್ತಿನ ಪ್ರಮಾಣವನ್ನು ಇಂಧನದ ಟಾಕಿಯಲ್ಲಿ ತೇಲುಗುಂಡಿಗೆ ಸೇರಿದ ರೋಧವೂ, ಎಂಜಿನ್ನಿನಲ್ಲಿ ಶಾಖ ಹೆಚ್ಚಿದಂತೆ ರೋಧ ಕುಗ್ಗುವ ಬಿಲ್ಲೆಯೂ ನಿರ್ಣಯಿಸುತ್ತವೆ. ಬ್ಯಾಟರಿಯ ಏರಿಳಿತ ಇವನ್ನು ಮುಟ್ಟದಿರಲೆಂದು ಎರಡಕ್ಕೂ ಸಮಾನವಾಗಿ ಒಂದು ವೋಲ್ಟೇಜ್ ನಿಯಂತ್ರಕವನ್ನು ಅಳವಡಿಸಿರುತ್ತಾರೆ.

ಇದರಿಂದ ಒಂದು ಸುಲಭವಾದ ಸೂತ್ರ ದೊರೆಯುತ್ತದೆ. ಎರಡು ಮುಳ್ಳುಗಳೂ ಒಟ್ಟಿಗೆ ಸತ್ತಿದ್ದರೆ ಫ್ಯೂಸನ್ನೂ ನಿಯಂತ್ರಕವನ್ನೂ ನೋಡತಕ್ಕದ್ದು. ಎರಡೂ ಒಟ್ಟಿಗೆ ಅತಿಯಾಗಿ ಏರಿದ್ದರೆ ನಿಯಂತ್ರಕ ಅಂಟಿಕೊಂಡಿರಬೇಕು, ಇಲ್ಲವೆ ಅದರ ಅರ್ಥ್ ಸಂಪರ್ಕ ತುಕ್ಕಿನಿಂದ ಸಡಿಲವಾಗಿರಬೇಕು. ಒಂದೇ ಮುಳ್ಳು ತಪ್ಪಿದ್ದರೆ ದೋಷ ಅದರ ತಂತಿಯಲ್ಲೋ, ಟಾಕಿ ಅಥವಾ ಎಂಜಿನ್ನಿನ ಕಡೆಯ ಬಿಲ್ಲೆಯಲ್ಲೋ, ಮಾಪಕದಲ್ಲೋ ಇರುತ್ತದೆ. ಬೀಗದ ಕೈಯನ್ನು ಆರಿಸಿ, ಬಿಲ್ಲೆಯ ತಂತಿಯನ್ನು ಕಳಚಿ ವಾಹನದ ಲೋಹಕ್ಕೆ ಜೋಡಿಸಿದ ಬಳಿಕ ಕೆಲವೇ ಕ್ಷಣ ಕೈಯನ್ನು ತಿರುಗಿಸಬೇಕು. ಮುಳ್ಳು ತುದಿಯತ್ತ ಏರತೊಡಗಿದರೆ ತಂತಿ, ಮಾಪಕ ಸರಿಯಿದ್ದು ಬಿಲ್ಲೆಯೇ ಕೆಟ್ಟಿದೆಯೆಂದು ತಿಳಿಯಬಹುದು. ಟಾಕಿಯ ಬಳಿ ಕಿಡಿ ಹಾರದಂತೆ ಈ ಕ್ರಮವನ್ನೇ ಅನುಸರಿಸಬೇಕು.

ಎಣ್ಣೆಯ ಒತ್ತಡದ ದೀಪದ ವಿಷಯದಲ್ಲಿ ಮಾತ್ರ ವಿಳಂಬ ಕೂಡದು. ಓಡುವಾಗ ಅದು ಹೊತ್ತಿದರೆ ಮೊದಲು ಎಂಜಿನ್ನನ್ನು ನಿಲ್ಲಿಸಿ ಎಣ್ಣೆಯ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದರೂ ಪ್ರತ್ಯೇಕ ಮಾಪಕದಿಂದ ಒತ್ತಡವನ್ನು ಅಳೆದ ನಂತರವೇ ಸ್ವಿಚ್ಚನ್ನು ಶಂಕಿಸಬೇಕು. ಬ್ಯಾಟರಿಯ ಕೆಂಪುದೀಪ ಓಡುವಾಗ ಉರಿದರೆ ಬೆಲ್ಟನ್ನು ಮೊದಲು ಪರೀಕ್ಷಿಸುವುದು ಯುಕ್ತ. ಕೈ ತಿರುಗಿಸಿದಾಗ ಹೊತ್ತಲೇ ಬೇಕಾದ ಈ ದೀಪಗಳು ಹೊತ್ತದಿದ್ದರೆ ಅದೂ ದೋಷವೇ. ಸುಟ್ಟ ಬಲ್ಬು ಅಪಾಯವನ್ನು ಮರೆಮಾಡುತ್ತದೆ.

ವೇಗಮಾಪಕವು ಬೇರೆ ಜಾತಿಯದು. ಗೇರುಪೆಟ್ಟಿಗೆಯಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸೆಳೆತಕ್ಕೆ ಅಲ್ಯೂಮಿನಿಯಮ್ ಬಟ್ಟಲೊಂದು ಸುರುಳಿ ಸ್ಪ್ರಿಂಗಿಗೆ ಎದುರಾಗಿ ಹೊರಳಿ ಮುಳ್ಳನ್ನು ಒಯ್ಯುತ್ತದೆ. ಮುಳ್ಳೂ ದೂರದ ಅಂಕಿಗಳೂ ಒಟ್ಟಿಗೆ ನಿಂತರೆ ಕೇಬಲ್ಲು ತುಂಡಾಗಿರುವುದು ಸಂಭವ. ಅಂಕಿಗಳು ಉರುಳುತ್ತ ಮುಳ್ಳು ಮಾತ್ರ ನಿಂತರೆ ದೋಷ ಮಾಪಕದೊಳಗಿನದು. ಮುಳ್ಳು ತೂಗಾಡಿದರೆ ಕೇಬಲ್ಲು ಒಣಗಿದೆ ಅಥವಾ ಅತಿಯಾಗಿ ಬಾಗಿದೆಯೆಂದು ಊಹಿಸಬಹುದು.

ಒಟ್ಟಿನಲ್ಲಿ, ಮೊದಲು ಅಪಾಯವನ್ನು ನಿವಾರಿಸಿ, ಆಮೇಲೆ ಎಲ್ಲಕ್ಕೂ ಸಮಾನವಾದ ಭಾಗವನ್ನು ನೋಡಿ, ಕಡೆಗೆ ಬಿಡಿಭಾಗಕ್ಕೆ ಬರುವುದು ಸರಿಯಾದ ಕ್ರಮ. ಫಲಕದ ಹಿಂದೆ ಕೈಯಿಡುವ ಮುನ್ನ ಬ್ಯಾಟರಿಯ ತಂತಿಯನ್ನು ಕಳಚುವುದನ್ನು ಮಾತ್ರ ಮರೆಯಬಾರದು.