ಕೊಬ್ಬು ಕಳುಹಿಸುವ ಓಲೆ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಸ್ಥೂಲಕಾಯದ ಮಿತ್ರರೊಬ್ಬರಿದ್ದಾರೆ. ಅವರು ಎರಡನೆಯ ವಡೆಗೆ ಕೈಯಿಕ್ಕಿದೊಡನೆ ನಾಲ್ಕು ಕಡೆಯಿಂದ ಪರಿಹಾಸದ ಮಾತು ಹೊರಡುತ್ತದೆ. ನಾನೂ ಅದರಲ್ಲಿ ಪಾಲ್ಗೊಂಡವನೇ. ನಾಲಗೆಯ ಚಾಪಲ್ಯವೇ ಬೊಜ್ಜಿನ ಮೂಲವೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಾಢವಾಗಿದೆ. ಕೆಲವು ಇಲಿಗಳ ವೃತ್ತಾಂತವನ್ನು ಓದಿದ ಮೇಲೆ ನನ್ನ ಮಾತು ತುಸು ಹಿಡಿತಕ್ಕೆ ಬಂದಿದೆ.

ಅಮೆರಿಕದ ಮೇನ್ ಸಂಸ್ಥಾನದ ಕಡಲಂಚಿನಲ್ಲಿ ಬಾರ್ ಹಾರ್ಬರ್ ಎಂಬ ಊರಿದೆ. ಅಲ್ಲಿಯ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಸಂಶೋಧನೆಗೆಂದೇ ಇಲಿಗಳನ್ನು ಸಾಕುತ್ತಾರೆ. 1949ರಲ್ಲಿ ಅವುಗಳ ನಡುವೆ ಒಂದು ವಿಚಿತ್ರ ತಳಿ ಕಾಣಿಸಿಕೊಂಡಿತು. ಎಷ್ಟು ತಿಂದರೂ ಅವಕ್ಕೆ ತೃಪ್ತಿಯಿಲ್ಲ; ಬೆಳೆದಾಗ ಸಾಧಾರಣ ಇಲಿಯ ಮೂರರಷ್ಟು ತೂಕ! (ಲಂಬೋದರನು ಇಲಿಯನ್ನೇ ವಾಹನವಾಗಿ ಆರಿಸಿಕೊಂಡುದು ಸುಮ್ಮನಲ್ಲವೆಂದು ತೋರುತ್ತದೆ.) 1966ರಲ್ಲಿ ಅಲ್ಲಿಯೇ ಮತ್ತೊಂದು ತಳಿಯ ವರ್ಣನೆ ಪ್ರಕಟವಾಯಿತು. ಅದಕ್ಕೆ ಬೊಜ್ಜಿನೊಡನೆ ಸಿಹಿಮೂತ್ರ ರೋಗವೂ ಇದ್ದಿತು.

ಅಲ್ಲಿದ್ದ ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಗಳನ್ನು ಹೊಲಿದು ಕೂಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಪ್ರಯೋಗ ನಿಷ್ಕರುಣವಾದುದು, ಫಲ ಮಾತ್ರ ವಿಸ್ಮಯಕರ. ಎರಡನೆಯ ತಳಿಯ ಜೊತೆ ಸೇರಿದ ಆರೋಗ್ಯವಂತ ಇಲಿ, ಆಹಾರ ಎದುರಿಗಿದ್ದೂ ಉಪವಾಸವಿದ್ದು ಸತ್ತಿತು! ಸ್ಥೂಲವಾದುದಕ್ಕೆ ಏನೂ ಆಗಲಿಲ್ಲ. ಮೊದಲನೆಯ ತಳಿಯನ್ನು ಆರೋಗ್ಯವಂತ ಇಲಿಯೊಡನೆ ಕೂಡಿಸಿದಾಗಲಾದರೋ, ಸ್ಥೂಲವಾದುದೇ ತಿನ್ನುವುದನ್ನು ಕಡಿಮೆ ಮಾಡಿತು. ಕೋಲ್ಮನ್ನರು ಕಂಡುಕೊಂಡ ಅರ್ಥವಿಷ್ಟು: 'ಇನ್ನು ಸಾಕು' ಎಂದು ಹೇಳುವ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತದೆ, ಮೊದಲ ತಳಿಗೆ ಆ ವಸ್ತುವೇ ಇಲ್ಲ, ಎರಡನೆಯದಕ್ಕೆ ವಸ್ತು ಹೇರಳವಾಗಿದೆ, ಕೇಳುವ ಕಿವಿಯಿಲ್ಲ.

ಆ ವಸ್ತು ಯಾವುದೆಂದು ತಿಳಿಯಲು 1994ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಮೊದಲ ತಳಿಯಲ್ಲಿ ಕೆಟ್ಟಿದ್ದ ಜೀನನ್ನು ಹುಡುಕಿದರು. ಅದು ತಯಾರಿಸುವ ಪ್ರೋಟೀನಿಗೆ, ತೆಳುವು ಎಂಬ ಅರ್ಥದ ಗ್ರೀಕ್ ಪದದಿಂದ, ಲೆಪ್ಟಿನ್ ಎಂದು ಹೆಸರಾಯಿತು. ಇದರ ಉತ್ಪತ್ತಿ ಮುಖ್ಯವಾಗಿ ಕೊಬ್ಬಿನ ಜೀವಕೋಶಗಳಲ್ಲಿಯೇ! ಕೊಬ್ಬೆಂದರೆ ಕಾಳು ತುಂಬಿಟ್ಟ ಮೂಕ ಕಣಜವೆಂದು ತಿಳಿದಿದ್ದೆವು. ಆ ಕಣಜವೇ ತನ್ನಲ್ಲಿ ಎಷ್ಟು ದಾಸ್ತಾನಿದೆಯೆಂದು ಮಿದುಳೆಂಬ ಯಜಮಾನನಿಗೆ ಓಲೆ ಬರೆಯುತ್ತಿರುತ್ತದೆಂದು ಯಾರು ಊಹಿಸಿದ್ದರು?

ಮನುಷ್ಯರ ಮಾತೇನು? 1997ರಲ್ಲಿ ಕೇಂಬ್ರಿಜ್‌ನ ವೈದ್ಯರು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಕುರಿತು ಬರೆದರು. ಎಂಟು ವರ್ಷದ ಬಾಲಿಕೆಯ ತೂಕ 86 ಕಿಲೋಗ್ರಾಂ. ಅವಳ ಬಂಧುವಾದ ಎರಡು ವರ್ಷದ ಶಿಶುವಿಗೆ 29. ತಣಿಯದ ಹಸಿವು ಆ ಮಕ್ಕಳನ್ನು ಕಾಡುತ್ತಿತ್ತು. ಲೆಪ್ಟಿನ್ ಚುಚ್ಚುಮದ್ದು ಕೊಡಲಾರಂಭಿಸಿದ ಮೇಲೆ ಬಾಲಿಕೆಯ ಊಟ ಹದಕ್ಕೆ ಬಂದಿತು, ಒಂದು ವರ್ಷದಲ್ಲಿ ಸುಮಾರು 16 ಕಿಲೋಗ್ರಾಂ ಇಳಿಯಿತು. ಮಗಳನ್ನು ಹೊಟ್ಟೆಬಾಕಳೆಂದು ಜರೆದವರು ಎಷ್ಟು ಮಂದಿಯೋ!

ಆದರೆ ಇಂಥವರು ಅತಿ ವಿರಳ. ಬೊಜ್ಜಿನವರೆಲ್ಲರಿಗೂ ಇದೇ ಮದ್ದಾದೀತೆಂಬ ಆಸೆಯಿಂದ ಆಮ್ಜೆನ್ ಕಂಪನಿ 1995ರಲ್ಲಿ ಎರಡು ಕೋಟಿ ಡಾಲರು ಕೊಟ್ಟು ಹಕ್ಕು ಪಡೆದಿತ್ತು. ಆ ಆಸೆ ಕೈಗೂಡಲಿಲ್ಲ. ಸ್ಥೂಲಕಾಯರ ರಕ್ತವನ್ನು ಪರೀಕ್ಷಿಸಿದರೆ ಬಹುಮಂದಿಯಲ್ಲಿ ಲೆಪ್ಟಿನ್ ಕಡಿಮೆಯಿರುವುದಿರಲಿ, ಹೆಚ್ಚಾಗಿಯೇ ಇದ್ದಿತು. ಓಲೆಗಳು ರಾಶಿರಾಶಿಯಾಗಿ ಬರುತ್ತಿವೆ, ಯಜಮಾನ ಓದುತ್ತಿಲ್ಲ. ಕೊಬ್ಬಿನ ಕೋಶಗಳದೇ ಇನ್ನೊಂದು ಪ್ರೋಟೀನಾದ ಅಡಿಪೊನೆಕ್ಟಿನ್ನಿನ ರೀತಿ ಬೇರೆ. ಮೈ ಬೆಳೆದಂತೆ ಅದು ರಕ್ತದಲ್ಲಿ ಕುಗ್ಗುತ್ತದೆ.

ಲೆಪ್ಟಿನ್ ಇಳಿದಾಗ ಮಾತ್ರ ಮಿದುಳು ತಟ್ಟನೆ ಎಚ್ಚರಗೊಳ್ಳುತ್ತದೆ. ಪಥ್ಯ ಮಾಡಿ ಕೊಬ್ಬು ಕರಗಿಸಿದವನ ಲೆಪ್ಟಿನ್ ಕುಸಿದೊಡನೆ, ಬರಗಾಲ ಬಂದಿತೆಂದು ಬಗೆದು ಹಸಿವನ್ನು ಕೆರಳಿಸುತ್ತದೆ, ದೇಹದ ವೆಚ್ಚಕ್ಕೆ ಕಡಿವಾಣ ಹಾಕುತ್ತದೆ. ನಮ್ಮ ಮಿತ್ರರು ಒಮ್ಮೆ ಮೂರು ತಿಂಗಳು ರಾತ್ರಿಯೂಟ ಬಿಟ್ಟು ಎಂಟು ಕಿಲೋಗ್ರಾಂ ಇಳಿಸಿದ್ದರು. ದೀಪಾವಳಿಯ ಹೊತ್ತಿಗೆ ಅಷ್ಟೂ ಮರಳಿ ಬಂದಿತ್ತು. ಆಗಲೂ ನಾವು ನಕ್ಕಿದ್ದೆವು.